ಸಹಾಯ ಬೇಕು: ಒಂದೇ ಪ್ರೋಟೀನ್ ಅಲ್ಲಿ ಬ್ರೇಕ್, ಇಲ್ಲಿ ಕಾವಲು!

ನಮಸ್ಕಾರ. ನಾಡಿದ್ದು ಬಿಎಸ್ಸಿ ಮಕ್ಕಳಿಗೆ ಪಾಠ ಇದೆ. ಎಮ್‌ಆರ್‌ಎನ್‌ಎಯಿಂದ (ಜೀನಿನ ಸಂದೇಶ ಹೊತ್ತ ಎಳೆ) ಎಷ್ಟು ಪ್ರೋಟೀನ್ ಮಾಡಬೇಕು ಅಂತ ಜೀವಕೋಶ ಹೇಗೆ ಹಿಡಿತದಲ್ಲಿಡುತ್ತದೆ ಅನ್ನೋದು ವಿಷಯ. ಕಬ್ಬಿಣದ ಉದಾಹರಣೆ ಆರಿಸಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ.

ಫೆರಿಟಿನ್ ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್, ಕಬ್ಬಿಣದ ಕಣಜ. ಒಂದರೊಳಗೆ ಸುಮಾರು 4,500 ಪರಮಾಣುಗಳವರೆಗೆ ಹಿಡಿಸುತ್ತವೆ. ಕಬ್ಬಿಣವೇ ಕಮ್ಮಿ ಇದ್ದಾಗ ಕಣಜ ಯಾಕೆ, ಅಲ್ವಾ? ಆಗ ಐಆರ್‌ಪಿ ಎಂಬ ಪ್ರೋಟೀನ್ ಫೆರಿಟಿನ್ ಎಮ್‌ಆರ್‌ಎನ್‌ಎಯ ತಲೆ ಕಡೆ ಇರುವ ಹೇರ್‌ಪಿನ್ ಮಡಿಕೆಯನ್ನು ಹಿಡಿದು ಕೂರುತ್ತದೆ. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿಗೆ ದಾರಿ ಬಂದ್. ಇಲ್ಲಿವರೆಗೆ ಸಲೀಸು.

ಕಬ್ಬಿಣವನ್ನು ಒಳಗೆ ತರುವ ಟ್ರಾನ್ಸ್‌ಫೆರಿನ್ ರಿಸೆಪ್ಟರಿನ ಎಮ್‌ಆರ್‌ಎನ್‌ಎಯಲ್ಲಾದರೆ ಇಂಥ 5 ಮಡಿಕೆಗಳು ಬಾಲದ ಕಡೆ ಇವೆ. ಅದೇ ಐಆರ್‌ಪಿ ಅಲ್ಲಿ ಕೂತರೆ ಕೆಲಸ ನಿಲ್ಲುವುದಿಲ್ಲ. ಎಮ್‌ಆರ್‌ಎನ್‌ಎ ಬೇಗ ಚೂರಾಗದೆ ಉಳಿಯುತ್ತದೆ, ರಿಸೆಪ್ಟರ್ ಜಾಸ್ತಿಯಾಗುತ್ತದೆ.

"ಯಾಕೆ ಸರ್?" ಅಂತ ಕೇಳೇ ಕೇಳುತ್ತಾರೆ. ಕತ್ತರಿಸುವ ಕಿಣ್ವಕ್ಕೆ ಅಡ್ಡ ಕೂರುತ್ತದೆ ಅಂದರೆ ಸಾಕಾ? ಬೋರ್ಡ್ ಮೇಲೆ ಬಿಡಿಸಲು ಸುಲಭದ ಚಿತ್ರ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ನಿನ್ನೆ ಉಲ್ಲನ್ ದಾರಕ್ಕೆ ಮಗಳ ಹೇರ್‌ಪಿನ್ ಸಿಕ್ಕಿಸಿ ನೋಡಿದೆ. ದಾರ ಗಂಟಾಯ್ತು, ಪಿನ್ ಮುರಿಯಿತು, ಸುಮ್ನೆ ಬೈಸಿಕೊಂಡೆ.