ಚಿಲ್ಲರೆ ಲೆಕ್ಕವನ್ನು ಮನೆಯಲ್ಲೇ ಕಲಿಸೋಣ

ಎಲ್ಲರಿಗೂ ನಮಸ್ಕಾರ. ಮಗುವಿಗೆ ನಾಣ್ಯಗಳ ಲೆಕ್ಕ ತಲೆಗೆ ಹತ್ತುತ್ತಿಲ್ಲ ಎಂದು ಇಲ್ಲಿ ಕೆಲವರು ಬರೆದಿದ್ದೀರಿ. ದಯವಿಟ್ಟು ಮಗುವಿಗೆ ಗಣಿತ ಬರಲ್ಲ ಎಂದು ತೀರ್ಮಾನಿಸಬೇಡಿ. ನನಗೆ ಕಾಣುವ ತೊಂದರೆ ಬೇರೆ. ಅಮೆರಿಕದಲ್ಲಿ ಬೆಳೆಯುವ ನಮ್ಮ ಮಕ್ಕಳು ದುಡ್ಡು ಮುಟ್ಟುವುದೇ ಅಪರೂಪ. ನಾವು ಕಾರ್ಡ್ ಅಥವಾ ಫೋನ್ ತೋರಿಸಿ ಸಾಮಾನು ಎತ್ತಿಕೊಂಡು ಬರುತ್ತೇವೆ. ನೋಟು ಕೊಟ್ಟು ಚಿಲ್ಲರೆ ವಾಪಸ್ ಪಡೆಯುವುದನ್ನು ಮಗು ನೋಡುವುದಾದರೂ ಯಾವಾಗ? ಅಮೆರಿಕದ ಬಹಳ ರಾಜ್ಯಗಳಲ್ಲಿ ಈ ಪಾಠ ಎರಡನೇ ಕ್ಲಾಸಿನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ನಾಣ್ಯಗಳು ಮಗುವಿಗೆ ಗುರುತು ಪರಿಚಯ ಇಲ್ಲದವರ ಹಾಗೆ.

ಇಲ್ಲಿನ ನಾಣ್ಯಗಳೂ ಸ್ವಲ್ಪ ತಬ್ಬಿಬ್ಬು ಮಾಡುತ್ತವೆ. ಹತ್ತು ಸೆಂಟಿನ ಡೈಮ್ ಎಲ್ಲಕ್ಕಿಂತ ಚಿಕ್ಕದು. ಐದು ಸೆಂಟಿನ ನಿಕಲ್ ಅದಕ್ಕಿಂತ ದೊಡ್ಡದು. ಡೈಮ್ ಮೇಲೆ ಹತ್ತು ಅನ್ನುವ ಅಂಕಿಯೂ ಇಲ್ಲ, ಸೆಂಟ್ ಎಂಬ ಮಾತೂ ಇಲ್ಲ, ಬರೀ ಒಂದು ಡೈಮ್ ಎಂದಷ್ಟೇ ಇದೆ. ದೊಡ್ಡದಕ್ಕೆ ಬೆಲೆ ಜಾಸ್ತಿ ಅಂತ ಮಗು ಅಂದುಕೊಂಡರೆ ಅದು ಮಗುವಿನ ತಪ್ಪಲ್ಲ, ಅಲ್ವಾ?

ಇದರ ಕಾರಣವನ್ನು ಮಕ್ಕಳಿಗೆ ಹೇಳಿ. ಅವರಿಗೆ ಬಹಳ ಇಷ್ಟವಾಗುತ್ತದೆ. 1964ರವರೆಗೆ ಡೈಮ್ ಮತ್ತು 25 ಸೆಂಟಿನ ಕ್ವಾರ್ಟರ್‌ಗಳಲ್ಲಿ ನೂರಕ್ಕೆ 90 ಭಾಗ ಬೆಳ್ಳಿ ಇತ್ತು. ಬೆಲೆ ಎಷ್ಟೋ ಅದಕ್ಕೆ ತಕ್ಕಷ್ಟೇ ಬೆಳ್ಳಿ, ಹಾಗಾಗಿ ಡೈಮ್ ಚಿಕ್ಕದು. ಈಗಿನ ನಿಕಲ್ ಬಂದಿದ್ದು 1866ರಲ್ಲಿ, ತಾಮ್ರ ಮತ್ತು ನಿಕಲ್ ಬೆರೆಸಿ ಮಾಡಿದ್ದು. ಅದರಲ್ಲಿ ಬೆಳ್ಳಿ ಇಲ್ಲದ್ದರಿಂದ ದೊಡ್ಡದಾಗಿ ಮಾಡಲು ಅಡ್ಡಿಯಿರಲಿಲ್ಲ. ಆಮೇಲೆ ಬೆಳ್ಳಿ ಹೋಯಿತು, ತೂಕದ ಅನುಪಾತ ಹಾಗೇ ಉಳಿಯಿತು. ಈಗ ಡೈಮ್ 2.268 ಗ್ರಾಂ, ಕ್ವಾರ್ಟರ್ 5.67 ಗ್ರಾಂ. ಅಡುಗೆಮನೆಯ ತೂಕದ ಯಂತ್ರದಲ್ಲಿ ಒಂದು ಸಲ ಹತ್ತು ಡೈಮ್, ಇನ್ನೊಂದು ಸಲ ನಾಲ್ಕು ಕ್ವಾರ್ಟರ್ ಇಟ್ಟು ತೋರಿಸಿ. ಎರಡೂ ಒಂದೊಂದು ಡಾಲರ್, ತೂಕವೂ ಹೆಚ್ಚುಕಮ್ಮಿ ಒಂದೇ. ಇದನ್ನು ಕಣ್ಣಾರೆ ನೋಡಿದ ಮಗು ಡೈಮಿನ ಬೆಲೆ ಮರೆಯಲ್ಲ.

ಪ್ಲಾಸ್ಟಿಕ್ ನಾಣ್ಯ ಕೊಳ್ಳಬೇಡಿ. ಬ್ಯಾಂಕಿಗೆ ಹೋಗಿ ರೋಲ್, ಅಂದರೆ ಕಾಗದದಲ್ಲಿ ಸುತ್ತಿದ ನಾಣ್ಯಗಳ ಕಟ್ಟು ಕೇಳಿ. ಕ್ವಾರ್ಟರ್ ರೋಲಿನಲ್ಲಿ 40 ನಾಣ್ಯ, ಹತ್ತು ಡಾಲರ್. ಡೈಮ್ ರೋಲಿನಲ್ಲಿ 50, ಐದು ಡಾಲರ್. ನಿಕಲ್ ರೋಲಿನಲ್ಲಿ 40, ಎರಡು ಡಾಲರ್. ಕಲಿತು ಮುಗಿದ ಮೇಲೆ ಆ ದುಡ್ಡು ದುಡ್ಡಾಗಿಯೇ ಇರುತ್ತದೆ.

ನಾಲ್ಕೂ ನಾಣ್ಯಗಳನ್ನು ಒಟ್ಟಿಗೆ ಮುಂದಿಡಬೇಡಿ. ಮೊದಲು ಒಂದು ಸೆಂಟಿನ ಪೆನ್ನಿ, ಡೈಮ್ ಮತ್ತು ಒಂದು ಡಾಲರ್ ನೋಟು ಸಾಕು. ಒಂದು, ಹತ್ತು, ನೂರು ಸೆಂಟ್, ಅಷ್ಟೇ. ಬಿಡಿ, ಹತ್ತು, ನೂರರ ಸ್ಥಾನ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ನಿಕಲ್, ಕೊನೆಗೆ ಕ್ವಾರ್ಟರ್. ಬೆರೆತ ನಾಣ್ಯ ಎಣಿಸುವಾಗ ದೊಡ್ಡ ಬೆಲೆಯದನ್ನು ಮೊದಲು ಎಣಿಸುವ ರೂಢಿ ಮಾಡಿಸಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಚಿಲ್ಲರೆ ಕೊಡುವುದನ್ನು ಕಳೆಯುವ ಲೆಕ್ಕವಾಗಿ ಕಲಿಸಬೇಡಿ. ಐದು ಡಾಲರಿನಲ್ಲಿ 3.27 ಕಳೆ ಅಂದರೆ ಮಗು ಸೊನ್ನೆಗಳ ಮುಂದೆ ದಶಕ ತರಲು ಒದ್ದಾಡುತ್ತದೆ. ಹಳೆಯ ಕಾಲದ ಅಂಗಡಿಯವರು ಮಾಡುತ್ತಿದ್ದದ್ದು ಸುಲಭ. ಬೆಲೆಯಿಂದ ಶುರು ಮಾಡಿ, ಕೊಟ್ಟ ದುಡ್ಡು ಮುಟ್ಟುವ ತನಕ ಮೇಲಕ್ಕೆ ಎಣಿಸುತ್ತಿದ್ದರು. 3.27ಕ್ಕೆ ಮೂರು ಪೆನ್ನಿ ಸೇರಿದರೆ 3.30. ಎರಡು ಡೈಮ್ ಸೇರಿದರೆ 3.50. ಎರಡು ಕ್ವಾರ್ಟರ್ ಇಟ್ಟರೆ ನಾಲ್ಕು. ಒಂದು ಡಾಲರ್ ಇಟ್ಟರೆ ಐದು. ಚಿಲ್ಲರೆ ಮಗುವಿನ ಕೈಯಲ್ಲೇ ಇದೆ, ಒಟ್ಟು 1.73. ಎಲ್ಲೂ ಕಳೆಯಲೇ ಇಲ್ಲ. ಇದು ಸಲೀಸಾದ ಮೇಲೆ ಇನ್ನೊಂದು ಮೆಟ್ಟಿಲು: 6.35 ಬಿಲ್ಲಿಗೆ 10.35 ಯಾಕೆ ಕೊಡುತ್ತೇವೆ ಎಂದು ಕೇಳಿ. ಉತ್ತರ ಮಗುವೇ ಹುಡುಕಲಿ, ನೀವು ಬಾಯಿ ಬಿಡಬೇಡಿ.

ಈ ಎಣಿಕೆ ಕನ್ನಡದಲ್ಲೇ ನಡೆಯಲಿ ಎನ್ನುವುದು ನನ್ನ ಆಸೆ. ನಮ್ಮ ಮಕ್ಕಳಲ್ಲಿ ಬಹಳ ಜನ ಹತ್ತರ ತನಕ ಪಟಪಟ ಹೇಳುತ್ತಾರೆ, ಮೂವತ್ತು ದಾಟಿದರೆ ಇಂಗ್ಲಿಷಿಗೆ ಜಾರುತ್ತಾರೆ. ಕ್ವಾರ್ಟರ್ ಒಂದೊಂದೇ ಇಡುತ್ತಾ ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು ಅಂದರೆ ಸಾಕು. ಸುಮ್ನೆ ಕೂರಿಸಿ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಬೇಗ ಹಿಡಿಯುತ್ತದೆ, ಯಾಕೆಂದರೆ ಕೈಯಲ್ಲಿ ನಾಣ್ಯ ಇದೆ.

ನಿಜವಾದ ಅಂಗಡಿಗೆ ಹೋದಾಗ ಸೇಲ್ಸ್ ಟ್ಯಾಕ್ಸ್, ಅಂದರೆ ಚೀಟಿಯ ಬೆಲೆಯ ಮೇಲೆ ಕೌಂಟರಿನಲ್ಲಿ ಸೇರಿಸುವ ತೆರಿಗೆಯ ಬಗ್ಗೆ ಮೊದಲೇ ಹೇಳಿಬಿಡಿ. ಚೀಟಿಯ ಮೇಲೆ 5 ಡಾಲರ್ ಅಂತಿದ್ದು, ಕೈಯಲ್ಲಿ ಸರಿಯಾಗಿ 5 ಡಾಲರ್ ಹಿಡಿದು ನಿಂತ ಮಗುವಿಗೆ ಕೌಂಟರಿನಲ್ಲಿ ಸಾಲದು ಅಂದರೆ ಮುಖ ಚಿಕ್ಕದಾಗುತ್ತದೆ. ಓರೆಗಾನ್, ಡೆಲವೇರ್ ಕಡೆಯವರಿಗೆ ಈ ತೊಂದರೆ ಇಲ್ಲ.

ಪೆನ್ನಿ ಕಲಿಸಬೇಕಾ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಕು. 2025ರ ನವೆಂಬರಿನಲ್ಲಿ ಚಲಾವಣೆಗೆ ಪೆನ್ನಿ ಅಚ್ಚು ಹಾಕುವುದನ್ನು ನಿಲ್ಲಿಸಿದ್ದಾರೆ, ಆದರೆ ಮನೆಯಲ್ಲಿರುವ ಪೆನ್ನಿಗಳು ಈಗಲೂ ಚಲ್ತಿಯಲ್ಲಿವೆ. ಒಂದರ ಲೆಕ್ಕ ತೋರಿಸಲು ಬೇರೆ ನಾಣ್ಯ ಇಲ್ಲ. ಕೆನಡಾದವರು 2013ರಿಂದಲೇ ನಗದು ಕೊಟ್ಟರೆ ಹತ್ತಿರದ ಐದು ಸೆಂಟಿಗೆ ಸರಿ ಮಾಡುತ್ತಾರೆ, ಕಾರ್ಡಿಗೆ ಪೂರ್ತಿ ಲೆಕ್ಕ. ಅಲ್ಲಿರುವವರು ಮಕ್ಕಳಿಗೆ ಈ ವ್ಯತ್ಯಾಸವನ್ನೂ ತೋರಿಸಬಹುದು.

ರಜೆಗೆ ಊರಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುವುದು ನಿಜ. ಆದರೂ ಬ್ಯಾಂಕಿನಿಂದ ಹತ್ತು, ಇಪ್ಪತ್ತು, ಐವತ್ತರ ನೋಟು ತೆಗೆಸಿ ಮಕ್ಕಳ ಕೈಗೆ ಕೊಡಿ. ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಅಕ್ಷರ ಕಲಿಯುತ್ತಿರುವ ಮಗು ಅದನ್ನು ಓದಬಲ್ಲದು. ಹೊಸ ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥವೂ ಇದೆ. ಅಜ್ಜಿ ಜೊತೆ ತರಕಾರಿ ತರಲು ಹೋದಾಗ ದುಡ್ಡು ಕೊಡುವ ಕೆಲಸ ಮಗುವಿನದೇ ಆಗಲಿ, ಚಿಲ್ಲರೆ ಎಣಿಸಿ ಅಜ್ಜಿಗೆ ಒಪ್ಪಿಸುವುದೂ ಅದರದೇ ಆಗಲಿ.