ಬಾಲ್ಡುಂಗ್‌ನ ಮಾಟಗಾತಿಯರ ಅಚ್ಚು: ಎರಡನೇ ಹಲಗಿ ಯಾಕ ಜರುಗ್ತದ?

ಪ್ರಶ್ನೆ (ಕಲಬುರಗಿ)

ಜರ್ಮನ್ ಚಿತ್ರಗಾರ ಹಾನ್ಸ್ ಬಾಲ್ಡುಂಗ್ 1510ರಾಗ ಮಾಡಿದ ಮಾಟಗಾತಿಯರ ಮರದಚ್ಚಿನಂಗ ಎರಡು ಹಲಗಿಯ ಅಚ್ಚು ಮಾಡೋದದ. ಅಳತಿ 38 × 26 ಸೆಂ.ಮೀ., 18 ಎಂ.ಎಂ. ಪ್ಲೈವುಡ್. ಕರಿ ಗೆರಿ ಹಲಗಿ ಚೊಲೊ ಬರ್ತದ. ಕಂದು ಹಲಗಿ ಕೂಡಿದ ಮ್ಯಾಲ ಅದರಾಗ ಕೆತ್ತಿ ಬಿಟ್ಟ ಬಿಳಿ ಗೀರು 2-3 ಎಂ.ಎಂ. ಜರುಗಿ, ಮೊಣಕಾಲಿನ ಬೆಳಕು ಹೊಗಿಯೊಳಗ ಹೋಗಿ ಕೂಡ್ತದ. ಸಣ್ಣ ಗೀರೆಲ್ಲ ಶಾಯಿ ತುಂಬಿ ಮುಚ್ತಾವ. ಮೊದಲು ಯಾವ ಹಲಗಿ ಹೊಡೀಬೇಕ್ರಿ? ಬಿಳಿ ಎಷ್ಟು ಬಿಡಬೇಕು?

ಉತ್ತರ 1 (ಕಲಬುರಗಿ)

ಕಾಗದ ತೊಯ್ಸಿ ಹೊಡೀತಿದ್ರ ಅದೇ ಕಾರಣ. ತೊಯ್ದ ಕಾಗದ ಹಿಗ್ಗಿರ್ತದ. ನಮ್ಮ ಬ್ಯಾಸಗಿ ಬಿಸಿಲಿಗೆ ಎರಡನೇ ಹಲಗಿಗೆ ಹೋಗೋದ್ರಾಗ ಒಣಗಿ ಕುಗ್ತದ. ತೆಳು, ಮೆತ್ತನ ಕಾಗದ ತಗೊಂಡು ಎರಡೂ ಒಣಾನೇ ಹೊಡೀರಿ, ಹಿಂದಿನಿಂದ ಚಮಚದಾಗ ತಿಕ್ಕಿ.

ಎರಡನೇ ಹಲಗಿಗೆ ಚಿತ್ರ ಮತ್ತ ಬರೀಬ್ಯಾಡ್ರಿ. ಗೆರಿ ಹಲಗಿಗೆ ಶಾಯಿ ಹಚ್ಚಿ ಪ್ಲಾಸ್ಟಿಕ್ ಹಾಳಿ ಮ್ಯಾಲ ಅಚ್ಚು ತಗೀರಿ, ಅದು ಹಸಿ ಇದ್ದಾಗಲೇ ಎರಡನೇ ಹಲಗಿ ಮ್ಯಾಲ ಬೋರಲು ಹಾಕಿ ತಿಕ್ರಿ. ಗೆರಿ ಇದ್ದಂಗೇ ಇಳೀತದ. ಎರಡೂ ಹಲಗಿ ಒಂದೇ ಅಳತಿಗೆ ಕೊಯ್ಸಿ, ಒಂದು ದೊಡ್ಡ ಮಣಿ ಮ್ಯಾಲ ಮೂಲಿಮಟ್ಟಕ್ಕ ಎರಡು ಪಟ್ಟಿ ಮೊಳಿ ಹೊಡೀರಿ. ಹಲಗಿ ಆ ಮೂಲಿಗೆ ಒತ್ತಿ ಕೂಡಬೇಕು. ಕಾಗದಕ್ಕೂ ಹಲಗಿ ಎತ್ತರದ್ದೇ ಬ್ಯಾರೆ ತಡಿ ಇರಬೇಕು. ಪ್ಲೈವುಡ್ ಬಿಸಿಲಿಗೆ ಡೊಂಕಾಗ್ತದ, ಕೆಲಸ ಮುಗಿದ ಮ್ಯಾಲ ಭಾರ ಇಟ್ಟು ಮಲಗಿಸ್ರಿ.

ಕಂದು ಮೊದಲು, ಒಂದು ದಿನ ಒಣಗಿಸಿ ಕರಿ ಆಮ್ಯಾಲ. ತಿರುವು ಮಾಡಿದ್ರ ಕಂದು ಕರಿ ಮ್ಯಾಲ ಕೂತು ಗೆರಿ ಮಂಕಾಗ್ತದ. ಸೆಕಿಗೆ ಎಣ್ಣಿ ಶಾಯಿ ನೀರಾಗಿ ಗೀರಿನೊಳಗ ಇಳೀತದ. ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಚಿಟಿಕಿ ಚಿಟಿಕಿ ಕಲಸಿ ಗಟ್ಟಿ ಮಾಡ್ರಿ. ರೋಲರ್ ಸಣ್ಣಗೆ ಸರಸರ ಅನ್ನಬೇಕು, ಪಚಪಚ ಅಂದ್ರ ಶಾಯಿ ಜಾಸ್ತಿ. 1 ಎಂ.ಎಂ.ಗಿಂತ ಸಣ್ಣ ಗೀರು ಪ್ಲೈವುಡ್‌ನಾಗ ನಿಲ್ಲೋದು ಕಷ್ಟ.

ಉತ್ತರ 2 (ಬೀದರ್)

ಬಿಳಿಯ ಲೆಕ್ಕಕ್ಕೆ ಮೂಲವನ್ನೇ ನೋಡಿ. ಒಣಮರ, ಗಡಿಗೆ, ಕವಲುಗೋಲು, ಹೋತದ ಮೇಲೆ ಹಿಂದುಮುಂದಾಗಿ ಕೂತು ಹಾರುವವಳು, ಇವೆಲ್ಲ ಕಪ್ಪು ಹಲಗೆಯವು. ಇರುಳು ಮಾತ್ರ ಕಂದು ಹಲಗೆಯದು. ತೊಡೆಯ ಹೊಳಪು, ಭುಜದ ದುಂಡು, ಗಡಿಗೆಯಿಂದ ನುಗ್ಗುವ ಹಬೆ: ಅದರಲ್ಲಿ ಕೆತ್ತಿ ತೆಗೆದ ಜಾಗವೇ ಬೆಳಕು. ನಮ್ಮ ಬಿದರಿಯಲ್ಲಿ ಕೊರೆದ ಜಾಗಕ್ಕೆ ಬೆಳ್ಳಿ ಕೂರುತ್ತದೆ, ಇಲ್ಲಿ ಬರಿಗಾಗದ. ಆ ಹೆಂಗಸರ ಮೈಯ ಸೆಳೆತ, ಅವರನ್ನು ಕಂಡರೆ ಆಗುವ ಭಯ ಎರಡೂ ಈ ಹಲಗೆಯಿಂದಲೇ ಬರುತ್ತವೆ.

ಈ ಅಚ್ಚಿಗೆ ಮೊದಲು ಬಾಲ್ಡುಂಗ್ ಕೆಲಸ ಮಾಡಿದ್ದು ನ್ಯೂರೆಂಬರ್ಗ್‌ನ ಚಿತ್ರಕಾರ ಡ್ಯೂರರ್‌ನ ಕಾರ್ಯಾಗಾರದಲ್ಲಿ. ಡ್ಯೂರರ್ ಸುಮಾರು 1500ರಲ್ಲಿ ತಾಮ್ರದಲ್ಲಿ ಕೊರೆದ ಮಾಟಗಾತಿಯೂ ಹೋತದ ಮೇಲೆ ಹಿಂದುಮುಂದಾಗಿಯೇ ಕೂತಿದ್ದಾಳೆ, ಆದರೆ ಅಲ್ಲಿ ಇರುಳಿಲ್ಲ. 1514ರ ಮಾಟಗಾತಿಯರ ಚಿತ್ರಗಳಲ್ಲಿ ಬಾಲ್ಡುಂಗ್ ಇದೇ ಪರಿಣಾಮವನ್ನು ಬಣ್ಣ ಬಳಿದ ಕಾಗದ, ಕಪ್ಪು ಗೆರೆ, ಬಿಳಿ ಗೀರುಗಳಿಂದ ಕೈಯಲ್ಲೇ ತಂದ. ಕೆತ್ತುವ ಮೊದಲು ನೀವೂ ಕಂದು ಹಾಳೆಯ ಮೇಲೆ ಕಪ್ಪು ಪೆನ್ನು, ಬಿಳಿ ಪೋಸ್ಟರ್ ಬಣ್ಣದಲ್ಲಿ ಬರೆದು ನೋಡಿ. ಬಿಳಿ ಉಬ್ಬಿನ ತುದಿಗಷ್ಟೇ ಇರಲಿ. ಇಡೀ ತೊಡೆ ಬಿಳಿ ಬಿಟ್ಟರೆ ಹಗಲಾಗುತ್ತದೆ.

ಉತ್ತರ 3 (ಯಾದಗಿರಿ)

ಕಂದೇ ಆಗಬೇಕಂತಿಲ್ರಿ. ಅದೇ ಅಚ್ಚಿನ ಬೂದು ಬಣ್ಣದ ಪ್ರತಿಗಳೂ ಅದಾವ, ಅವು ಇನ್ನೂ ತಣ್ಣಗ, ಹೆಣದ ಬಣ್ಣದಂಗ ಕಾಣ್ತಾವ. ಯಾವುದಾದ್ರೂ ಶಾಯಿ ಒಂದು ಪಾಲಿಗೆ ಪಾರದರ್ಶಕ ಮೀಡಿಯಂ (ಶಾಯಿ ತಿಳಿ ಮಾಡೋ ಬಣ್ಣ ಇಲ್ಲದ ಲೇಪ) ಎರಡು ಪಾಲು ಹಾಕ್ರಿ. ಗಾಢ ಆತಂದ್ರ ಕರಿ ಗೆರಿ ಅದರಾಗೇ ಮುಳುಗ್ತದ.