ಪದಚರ್ಚೆ: ‘ಕಾಂಡಕೋಶ’ ಸರಿಯೇ? ‘ಬಹುಶಕ್ತ’ ಯಾವುದಕ್ಕೆ?

ಎಲ್ಲರಿಗೂ ನಮಸ್ಕಾರ.

ರಕ್ತದ ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸ್ಟೆಮ್ ಸೆಲ್ (ತನ್ನಂಥದ್ದನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಕೋಶ) ಎಂದಿರುವಲ್ಲೆಲ್ಲ ‘ಕಾಂಡಕೋಶ’ ಎಂದು ಬರೆದಿದ್ದೆ. ಕರಡು ಓದಿದ ಹಿರಿಯರೊಬ್ಬರು ‘ಕಾಂಡಕೋಶ ಕಸಿ’ ಎಂಬ ಶೀರ್ಷಿಕೆಯ ಮೇಲೆ ಬೆರಳಿಟ್ಟು, “ಇದು ಯಾವ ಗಿಡದಿಂದ ತೆಗೆಯುವ ಔಷಧ?” ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ಕಾಂಡ ಗಿಡದ್ದು, ಕಸಿ ಎಂದರೂ ಮೊದಲು ನೆನಪಾಗುವುದು ಗಿಡವೇ. ಎರಡೂ ಜೊತೆಯಾಗಿ ಬಂದರೆ, ಮೂಳೆಯೊಳಗೆ ರಕ್ತ ಹುಟ್ಟಿಸುವ ಅಸ್ಥಿಮಜ್ಜೆ ಯಾರಿಗೆ ಹೊಳೆಯಬೇಕು?

ಪದದ ಹುಟ್ಟನ್ನು ಹುಡುಕಿದರೆ ನಷ್ಟ ಎಲ್ಲಾಯಿತೆಂದು ತಿಳಿಯುತ್ತದೆ. 1868ರಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್, ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಆದ ‘ಷ್ಟಾಮ್‌ತ್ಸೆಲೆ’ ಎಂಬ ಪದವನ್ನು ಬಳಸಿದ. ಜರ್ಮನ್ ಭಾಷೆಯಲ್ಲಿ ‘ಷ್ಟಾಮ್’ ಎಂದರೆ ಮರದ ಕಾಂಡವೂ ಹೌದು, ಕುಲವೂ ಹೌದು. ವಂಶವೃಕ್ಷಕ್ಕೆ ಅಲ್ಲಿ ‘ಷ್ಟಾಮ್‌ಬೌಮ್’ ಎನ್ನುತ್ತಾರೆ. ಹೆಕೆಲ್ ಹೇಳಹೊರಟದ್ದು ವಂಶದ ಮಾತು, ಬಹುಕೋಶ ಜೀವಿಗಳೆಲ್ಲಕ್ಕೂ ಪೂರ್ವಜನಾದ ಒಂಟಿ ಕೋಶದ ಮಾತು. ಇಂಗ್ಲಿಷಿನಿಂದ ನಾವು ಕಾಂಡವನ್ನಷ್ಟೇ ತಂದುಕೊಂಡೆವು, ಕುಲ ಹಿಂದೆಯೇ ಉಳಿಯಿತು.

ಬದಲಿ ಪದಗಳಲ್ಲಿ ‘ಆಕರಕೋಶ’ ಕಿವಿಗೆ ಹಿತವಾಗಿದೆ. ಆದರೆ ಆಕರ ಎಂದರೆ ಗಣಿ, ಅಗೆದಷ್ಟೂ ಬರಿದಾಗುವಂಥದ್ದು. ಈ ಕೋಶದ ವೈಶಿಷ್ಟ್ಯವೋ ಬರಿದಾಗದಿರುವುದು: ಒಡೆದು ಎರಡಾದಾಗ ಒಂದು ತನ್ನಂತೆಯೇ ಉಳಿದು, ಇನ್ನೊಂದು ರಕ್ತಕಣವೋ ಚರ್ಮವೋ ಆಗುವ ಹಾದಿ ಹಿಡಿಯಬಲ್ಲದು. ‘ಮೂಲಕೋಶ’ ತಕ್ಕಮಟ್ಟಿಗೆ ಒಪ್ಪುತ್ತದೆ. ನನ್ನ ಒಲವು ಮಾತ್ರ ‘ಬುಡಕೋಶ’ದ ಕಡೆಗೆ. ಮರವನ್ನು ಕಡಿದ ಮೇಲೂ ಚಿಗುರು ಒಡೆಯುವುದು ಬುಡದಿಂದ. ಕಿಮೊಥೆರಪಿಯಿಂದ ಮಜ್ಜೆ ಬತ್ತಿದವರಿಗೆ ಈ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟಾಗ, ಅವು ಮೂಳೆಯೊಳಗೆ ನೆಲೆಯೂರಿ ಮತ್ತೆ ರಕ್ತ ಹುಟ್ಟಿಸುವುದೂ ಹಾಗೆಯೇ.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಒಂದು ಕೋಶ ಎಷ್ಟು ಬಗೆಯ ಕೋಶಗಳಾಗಬಲ್ಲದು ಎಂಬುದನ್ನು ಹೇಳುವ ಪ್ಲುರಿಪೊಟೆಂಟ್, ಮಲ್ಟಿಪೊಟೆಂಟ್ ಎರಡಕ್ಕೂ ‘ಬಹುಶಕ್ತ’ ಎಂದರೆ ಕೆಡುತ್ತದೆ. ಐದಾರು ದಿನಗಳ ಭ್ರೂಣದ ಒಳಗಿನ ಕೋಶಗಳು ದೇಹದ ಯಾವ ಕೋಶವಾದರೂ ಆಗಬಲ್ಲವು. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಚರ್ಮಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಭ್ರೂಣದ ಕೋಶದಂಥ ಸ್ಥಿತಿಗೆ ಹಿಂದಕ್ಕೆ ತಿರುಗಿಸಿದ ಕೋಶಗಳೂ ಅಂಥವೇ. ಇವು ಪ್ಲುರಿಪೊಟೆಂಟ್. ಮಜ್ಜೆಯ ರಕ್ತಜನಕ ಕೋಶವಾದರೋ ಕೆಂಪು ಕಣ, ಬಿಳಿ ಕಣ, ಕಿರುತಟ್ಟೆ (ಪ್ಲೇಟ್‌ಲೆಟ್) ಎಂಬ ತನ್ನ ಕುಲವನ್ನು ದಾಟುವುದಿಲ್ಲ, ಅದು ಮಲ್ಟಿಪೊಟೆಂಟ್. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ, ಮಜ್ಜೆಯ ಕೋಶದಿಂದ ಹೃದಯವೂ ನರವೂ ಬೆಳೆದೀತೆಂದು ಓದುಗ ನಂಬುತ್ತಾನೆ. ಎಲ್ಲ ಕಾಯಿಲೆಗೂ ಒಂದೇ ಚುಚ್ಚುಮದ್ದು ಎಂದು ಜಾಹೀರಾತು ಕೊಡುವವರಿಗೆ ಬೇಕಾಗಿರುವುದೂ ಇಂಥ ಮಸುಕು ಪದವೇ. ಪ್ಲುರಿಪೊಟೆಂಟ್ ಕೋಶಗಳನ್ನು ಹಾಗೆಯೇ ದೇಹಕ್ಕೆ ಬಿಟ್ಟರೆ ಗಡ್ಡೆಯಾಗುವ ಅಪಾಯವಿದೆ. ಹಾಗಾಗಿಯೇ 2014ರಲ್ಲಿ ಜಪಾನಿನ ಕೋಬೆಯಲ್ಲಿ ರೋಗಿಯೊಬ್ಬರ ಕಣ್ಣಿಗೆ ಹಾಕಿದ್ದು ಅವುಗಳಿಂದ ಮೊದಲೇ ಬೆಳೆಸಿಕೊಂಡ ಅಕ್ಷಿಪಟಲದ ಪದರವನ್ನು.

ಹಾಗಾಗಿ ಪ್ಲುರಿಪೊಟೆಂಟ್‌ಗೆ ‘ಸರ್ವಾಂಗಶಕ್ತ’, ಮಲ್ಟಿಪೊಟೆಂಟ್‌ಗೆ ‘ಕುಲಶಕ್ತ’ ಎಂದು ಬರೆದು ನೋಡಿದೆ. ಮಾಸುಚೀಲವನ್ನೂ ಕೊಡಬಲ್ಲ ಫಲಿತ ಅಂಡಕ್ಕೆ ‘ಪೂರ್ಣಶಕ್ತ’ ಇದ್ದೇ ಇದೆ. ‘ಕುಲಶಕ್ತ’ದಲ್ಲಿ ಹೆಕೆಲನ ಕುಲವೂ ಮರಳಿ ಬಂತೆಂಬ ಸಮಾಧಾನ ನನಗಿದೆ. ಆದರೆ ಈ ಪದ ಜಾತಿಯ ನೆನಪು ತರುತ್ತದೆಯೇ ಎಂಬ ಅಳುಕೂ ಇದೆ. ‘ವಂಶಶಕ್ತ’ ಎಂದರೆ ಅನುವಂಶೀಯತೆಯ ಕಡೆಗೆ ವಾಲುತ್ತದೆ.

ಜೀವವಿಜ್ಞಾನವನ್ನು ಕನ್ನಡದಲ್ಲಿ ಪಾಠ ಮಾಡುವವರು ಈ ಎರಡನ್ನು ಹೇಗೆ ಬೇರ್ಪಡಿಸಿ ಹೇಳುತ್ತೀರಿ? ‘ಬುಡಕೋಶ ಕಸಿ’ ಎಂದಾಗಲೂ ಗಿಡವೇ ಕಣ್ಣಿಗೆ ಬರುವುದಾದರೆ, ‘ಕಸಿ’ಯನ್ನು ಬಿಟ್ಟು ‘ಬುಡಕೋಶ ಮರುಪೂರಣ’ ಎನ್ನಬಹುದೇ?